ವಿಮಾನದ ಹೊಟ್ಟೆಪಾಡು

ಬಾಗಿಲ ಬಳಿ ಒಬ್ಬ, ಹತ್ತನೇ ಸಾಲಿನಲ್ಲಿ ಒಬ್ಬ, ಇಪ್ಪತ್ತನೇ ಸಾಲಿನಲ್ಲಿ ಇನ್ನೊಬ್ಬ. ನಡುವಿನ ಕಿರಿದಾದ ಓಣಿಯಲ್ಲಿ ರಟ್ಟಿನ ಪೆಟ್ಟಿಗೆಗಳು ಕೈಯಿಂದ ಕೈಗೆ ದಾಟುತ್ತ ಹಿಂದಕ್ಕೆ ಸಾಗುತ್ತವೆ. ಕಿಟಕಿ ಪಕ್ಕದ ಆಸನದಲ್ಲಿ ಒಂದು, ಅದರ ಪಕ್ಕದಲ್ಲಿ ಇನ್ನೊಂದು, ಮೇಲೆ ಬಲೆ, ಬಲೆಗೆ ಬಿಗಿದ ಪಟ್ಟಿ. ತಲೆಯ ಮೇಲಿನ ಸಾಮಾನು ಗೂಡುಗಳಲ್ಲೂ ಪೆಟ್ಟಿಗೆಗಳೇ. ಮುನ್ನೂರು ಜನರನ್ನು ಮುಕ್ಕಾಲು ಗಂಟೆಯಲ್ಲಿ ಹತ್ತಿಸಿಕೊಳ್ಳುವ ವಿಮಾನಕ್ಕೆ ಈ ಪೆಟ್ಟಿಗೆಗಳನ್ನು ಹತ್ತಿಸಲು ಹಲವು ಗಂಟೆ ಬೇಕು. ಪ್ರಯಾಣಿಕ ತಾನೇ ನಡೆದು ಬಂದು, ತನ್ನ ಸಾಲು ಹುಡುಕಿಕೊಂಡು, ತಾನೇ ಬೆಲ್ಟ್ ಕಟ್ಟಿಕೊಳ್ಳುತ್ತಾನೆ. ಸರಕಿಗೆ ಆ ಬುದ್ಧಿಯಿಲ್ಲ. ಕೋವಿಡ್ ಸಾಂಕ್ರಾಮಿಕಕ್ಕೆ ಜನರ ಪ್ರಯಾಣ ನಿಂತುಹೋಗಿದ್ದ 2020ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಜಗತ್ತಿನ ಹಲವು ವಿಮಾನ ನಿಲ್ದಾಣಗಳಲ್ಲಿ ಕಂಡ ನೋಟ ಇದು.

ಆ ದಿನಗಳಲ್ಲಿ ‘ಸರಕು ಬಂದು ವಿಮಾನಯಾನವನ್ನು ಉಳಿಸಿತು’ ಎಂಬ ಮಾತು ಎಲ್ಲೆಡೆ ಕೇಳಿಬಂತು. ಈಗ ಆ ವರ್ಷಗಳ ಲೆಕ್ಕಪತ್ರಗಳೆಲ್ಲ ಹೊರಬಂದಿವೆ. ಆ ಮಾತನ್ನು ನಿಧಾನವಾಗಿ ತೂಗಿ ನೋಡಬಹುದು. ನನ್ನ ಲೆಕ್ಕದಲ್ಲಿ ಅದು ಅರ್ಧ ನಿಜ, ಆ ಅರ್ಧವೂ ವಿಚಿತ್ರ ಬಗೆಯದು. ಸರಕಿನಲ್ಲಿ ಅಷ್ಟೊಂದು ಹಣ ಹುಟ್ಟಿದ್ದೇ ಪ್ರಯಾಣಿಕ ವಿಮಾನಗಳು ನೆಲ ಹಿಡಿದದ್ದರಿಂದ. ಆ ಹಣಕ್ಕಾಗಿ ಅವು ಒಂದೊಂದಾಗಿ ಮತ್ತೆ ಮೇಲೇರಿದಷ್ಟೂ ಹಣ ಹುಟ್ಟುವ ಕಾರಣ ಕರಗುತ್ತಿತ್ತು. ತಾವು ನಿಂತದ್ದರಿಂದ ಆದ ಅಭಾವವನ್ನೇ ಉಂಡು ವಿಮಾನಯಾನ ಸಂಸ್ಥೆಗಳು ಕೆಲಕಾಲ ಬದುಕಿದವು.

ಇದನ್ನು ಬಿಡಿಸಿಕೊಳ್ಳಬೇಕಾದರೆ ನಾವು ಕೂರುವ ಆಸನದ ಕೆಳಗೆ ಏನಿದೆ ಎಂದು ನೋಡಬೇಕು. ವಿಮಾನದ ಒಡಲನ್ನು ಅಡ್ಡ ಕೊಯ್ದರೆ ದುಂಡಗಿನ ಬಳೆ. ಬಳೆಯ ಮೇಲರ್ಧದಲ್ಲಿ ನಾವು, ನಮ್ಮ ಕಾಲಡಿಯಲ್ಲಿ ಅದರ ಹೊಟ್ಟೆ. ಸರಕಿನವರೂ ಅದನ್ನು ‘ಬೆಲ್ಲಿ’ ಎಂದೇ ಕರೆಯುತ್ತಾರೆ. ಬೋಯಿಂಗ್ 777-300ಇಆರ್‌ನಂಥ ಉದ್ದನೆಯ ವಿಮಾನದ ಹೊಟ್ಟೆಯಲ್ಲಿ ಸುಮಾರು 200 ಘನ ಮೀಟರ್ ಜಾಗವಿದೆ. ಮೇಲೆ ಆಸನಗಳೆಲ್ಲ ತುಂಬಿ, ಎಲ್ಲರ ಸೂಟ್‌ಕೇಸ್‌ಗಳೂ ಒಳಸೇರಿದ ನಂತರವೂ ಅಲ್ಲಿ 20 ಟನ್ ಆಸುಪಾಸು ಸರಕು ಹಿಡಿಸುತ್ತದೆ. ಔಷಧ, ಹೂವು, ಮಂಜುಗಡ್ಡೆಯಲ್ಲಿಟ್ಟ ಮೀನು, ಮೊಬೈಲ್ ಬಿಡಿಭಾಗಗಳು, ಎಲ್ಲೋ ನಿಂತುಹೋದ ಕಾರ್ಖಾನೆಗೆ ತುರ್ತಾಗಿ ಬೇಕಾದ ಒಂದು ಯಂತ್ರದ ತುಣುಕು. ನಾವು ಮೇಲೆ ಸಿನಿಮಾ ನೋಡುತ್ತ ಕೂತಿರುವಾಗ ಕೆಳಗೆ ಇವೆಲ್ಲ ನಮ್ಮ ಜೊತೆಗೇ ಪ್ರಯಾಣ ಮಾಡುತ್ತಿರುತ್ತವೆ.

ಸಾಂಕ್ರಾಮಿಕಕ್ಕೆ ಮುನ್ನ ಜಗತ್ತಿನ ವಿಮಾನ ಸರಕಿನಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಸಾಗುತ್ತಿದ್ದುದು ಹೀಗೆ, ಪ್ರಯಾಣಿಕರ ಕಾಲಡಿಯಲ್ಲಿ. ವಿಮಾನದಲ್ಲಿ ಹೋಗುವ ಸರಕು ವಿಶ್ವ ವ್ಯಾಪಾರದ ಒಟ್ಟು ಗಾತ್ರದಲ್ಲಿ ಶೇ 1ರ ಆಸುಪಾಸು. ಮೌಲ್ಯದಲ್ಲಿ ಮಾತ್ರ ಸುಮಾರು ಮೂರನೇ ಒಂದು ಭಾಗ. ಇಷ್ಟು ಬೆಲೆಬಾಳುವ ಸರಕಿಗೆ ಬಾಡಿಗೆ ಯಾಕೆ ಅಗ್ಗವಾಗಿತ್ತು? ವಿಮಾನ ಹೇಗೂ ಹೋಗುತ್ತಿತ್ತು, ಅದಕ್ಕೆ. ಇಂಧನ, ಪೈಲಟ್ ಸಂಬಳ, ನಿಲ್ದಾಣದ ಶುಲ್ಕ ಎಲ್ಲವೂ ಟಿಕೆಟ್ ಹಣದಲ್ಲಿ ತೀರಿಹೋಗಿರುತ್ತಿದ್ದವು. ಹೊಟ್ಟೆಯಲ್ಲಿ ಸರಕು ಹಾಕಿದರೆ ಬರುವುದೆಲ್ಲ ಮೇಲಾದಾಯ. ಹಾಗಾಗಿ ಎಷ್ಟು ಸಿಕ್ಕಿದರೂ ಸರಿ ಎಂದು ದರ ಕೂಗುವ ರೂಢಿ ಬೆಳೆಯಿತು. ಸರಕಿಗೆಂದೇ ವಿಮಾನ ಇಟ್ಟುಕೊಂಡವರಿಗೆ ಇದು ಸದಾ ಕಣ್ಣುರಿಯ ವಿಷಯ. ಅವರು ತಮ್ಮ ಪೂರ್ತಿ ಖರ್ಚನ್ನು ಬಾಡಿಗೆಯಿಂದಲೇ ಎತ್ತಬೇಕು. ಪೈಪೋಟಿಯಲ್ಲಿರುವವನಿಗೋ ಆ ಖರ್ಚನ್ನು ರಜೆಗೆ ಹೊರಟ ಕುಟುಂಬ ಕಟ್ಟಿಕೊಟ್ಟಿರುತ್ತದೆ. 2019ರಲ್ಲಿ ಅಮೆರಿಕ-ಚೀನಾ ವ್ಯಾಪಾರ ಸಮರದ ಬಿಸಿಗೆ ವಿಮಾನ ಸರಕು ಶೇ 3ಕ್ಕೂ ಹೆಚ್ಚು ಕುಸಿದಾಗ ಸರಕು ವಿಭಾಗವನ್ನು ಕೇಳುವವರೇ ಇರಲಿಲ್ಲ.

ಆಮೇಲೆ ಬಂದದ್ದು 2020ರ ಏಪ್ರಿಲ್. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ, ಅಂದರೆ ಐಯಾಟಾದ ಲೆಕ್ಕದ ಪ್ರಕಾರ ಆ ತಿಂಗಳು ಪ್ರಯಾಣಿಕರ ಸಂಚಾರ ಹಿಂದಿನ ವರ್ಷಕ್ಕಿಂತ ಶೇ 94ರಷ್ಟು ಬಿದ್ದಿತು. ಇದು ಎಲ್ಲರಿಗೂ ನೆನಪಿರುವ ಅಂಕಿ. ನೆನಪಿಡಬೇಕಾದ ಅಂಕಿಗಳು ಇನ್ನೆರಡಿವೆ. ಅದೇ ತಿಂಗಳು ವಿಮಾನ ಸರಕಿನ ಬೇಡಿಕೆ ಶೇ 27.7 ಇಳಿಯಿತು, ಸರಕು ಹೊರುವ ಸಾಮರ್ಥ್ಯ ಶೇ 42 ಇಳಿಯಿತು. ಅಂತರರಾಷ್ಟ್ರೀಯ ಮಾರ್ಗಗಳಲ್ಲಿ ಹೊಟ್ಟೆಯ ಜಾಗವಂತೂ ಶೇ 75ರಷ್ಟು ಮಾಯವಾಯಿತು. ಸರಕು ವಿಮಾನಗಳು ಹಗಲಿರುಳು ಹಾರಿ ತಮ್ಮ ಸಾಮರ್ಥ್ಯವನ್ನು ಶೇ 15 ಹೆಚ್ಚಿಸಿಕೊಂಡರೂ ಆ ಕೊರತೆ ತುಂಬಲಿಲ್ಲ.

ಈ ಎರಡು ಅಂಕಿಗಳ ನಡುವಿನ ಬಿರುಕಿನಲ್ಲೇ ಇಡೀ ಕತೆ ಇದೆ. ಸರಕು ಹೆಚ್ಚಾದದ್ದರಿಂದ ವಿಮಾನಗಳು ಸರಕಿನ ಕಡೆ ತಿರುಗಿದವು ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಸರಕು ಕಾಲುಭಾಗಕ್ಕೂ ಮಿಕ್ಕಿ ಕುಸಿದಿತ್ತು. ಆದರೆ ಅದನ್ನು ಹೊರುವ ಬೆನ್ನು ಅದಕ್ಕಿಂತಲೂ ಹೆಚ್ಚು ಕುಸಿದಿತ್ತು. ಉಳಿದ ಸರಕಾದರೂ ಎಂಥದ್ದು? ಮಾಸ್ಕ್, ವೈದ್ಯರ ನಿಲುವಂಗಿ, ವೆಂಟಿಲೇಟರ್, ಪರೀಕ್ಷಾ ಕಿಟ್. ‘ಹಡಗಿನಲ್ಲಿ ಮುಂದಿನ ತಿಂಗಳು ಬರಲಿ ಬಿಡಿ’ ಎನ್ನುವ ಹಾಗಿರಲಿಲ್ಲ. ಕೊಳ್ಳುತ್ತಿದ್ದವರು ಸರ್ಕಾರಗಳು, ಅವು ಚೌಕಾಸಿಗೆ ನಿಲ್ಲಲಿಲ್ಲ. ಚೀನಾದಿಂದ ಉತ್ತರ ಅಮೆರಿಕಕ್ಕೆ ಸಾಮಾನ್ಯ ದಿನಗಳಲ್ಲಿ ಕಿಲೊಗೆ ಮೂರು, ಮೂರೂವರೆ ಡಾಲರ್ ಇದ್ದ ಬಾಡಿಗೆ ಕೆಲವೇ ವಾರಗಳಲ್ಲಿ ಅದರ ಎರಡು, ಮೂರು ಪಟ್ಟಿಗೆ ಏರಿತು.

ನಿಂತ ವಿಮಾನದ ಪಕ್ಕದಲ್ಲಿ ಕೂತು ಒಂದು ಲೆಕ್ಕ ಹಾಕೋಣ. ಹನ್ನೆರಡು ಗಂಟೆಯ ಹಾರಾಟಕ್ಕೆ 777-300ಇಆರ್ ಸುಮಾರು 90 ಟನ್ ಇಂಧನ ಕುಡಿಯುತ್ತದೆ. 2019ರ ದರದಲ್ಲಿ, ಟನ್ನಿಗೆ 630 ಡಾಲರ್ ಎಂದಿಟ್ಟುಕೊಂಡರೆ, ಒಂದು ದಿಕ್ಕಿಗೆ 57,000 ಡಾಲರ್. ಹೋಗಿ ಬರುವುದು ಸೇರಿದರೆ 1,14,000. ಒಂದೇ ದಿಕ್ಕಿನಲ್ಲಿ 40 ಟನ್ ಸರಕು, ಕಿಲೊಗೆ ಎರಡೂವರೆ ಡಾಲರ್ ಎಂದರೆ ಬರುವುದು ಒಂದು ಲಕ್ಷ. ಇಂಧನದ ದುಡ್ಡೇ ಗಿಟ್ಟಲಿಲ್ಲ. ಇನ್ನು ನಿಲ್ದಾಣದ ಶುಲ್ಕ, ಪೈಲಟ್‌ಗಳು, ಎಂಜಿನ್ ಸವೆತ ಎಲ್ಲ ಬಾಕಿ. ಪ್ರಯಾಣಿಕರಿಲ್ಲದೆ ಪ್ರಯಾಣಿಕ ವಿಮಾನ ಹಾರಿಸುವುದು ಮೂರ್ಖತನ ಎಂದು ಈ ಉದ್ಯಮ ದಶಕಗಳಿಂದ ನಂಬಿದ್ದು ಸುಮ್ಮನೆ ಅಲ್ಲ. ಈಗ ಅದೇ ಲೆಕ್ಕದಲ್ಲಿ ಬಾಡಿಗೆಯನ್ನು ಏಳು ಡಾಲರ್ ಮಾಡಿ, ಇಂಧನವನ್ನು ಟನ್ನಿಗೆ 200 ಡಾಲರ್‌ಗೆ ಇಳಿಸಿ. ಬರುವುದು 2,80,000, ಇಂಧನಕ್ಕೆ ಹೋಗುವುದು 36,000. ಮೂರ್ಖತನ ವಿವೇಕವಾಗಿ ಬದಲಾಗಲು ಇಷ್ಟು ಸಾಕು.

ಬಾಡಿಗೆ ಏರಿದ್ದನ್ನು ಎಲ್ಲರೂ ಬರೆದರು. ಇಂಧನ ಇಳಿದದ್ದನ್ನು ಬರೆದವರು ಕಡಿಮೆ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ವಾಯಿದಾ ಬೆಲೆ, ಅಂದರೆ ಮುಂದೆ ಕೊಡುವ ತೈಲಕ್ಕೆ ಈಗಲೇ ಕುದುರಿಸುವ ಬೆಲೆ, ಸೊನ್ನೆಗಿಂತ ಕೆಳಗೆ ಹೋಗಿತ್ತು. ತೈಲ ಕೊಂಡವನಿಗೆ ಮಾರುವವನೇ ಹಣ ಕೊಡುವ ಒಂದು ದಿನ. ವಿಮಾನಗಳು ಹಾರದೆ ಇದ್ದುದೂ ಇಂಧನ ಅಗ್ಗವಾದುದಕ್ಕೆ ಒಂದು ಕಾರಣ. ಅಂದರೆ ಇಲ್ಲಿಯೂ ಅದೇ ಸುಳಿ: ಹಾರಾಟ ನಿಂತದ್ದರಿಂದ ಹಾರಾಟ ಅಗ್ಗವಾಯಿತು. ಇನ್ನೊಂದು ಮಾತು. ನಿಂತ ವಿಮಾನವೂ ಪುಕ್ಕಟೆ ನಿಲ್ಲುವುದಿಲ್ಲ. ಗುತ್ತಿಗೆ ಕಂತು ಕಟ್ಟಬೇಕು, ನಿಲುಗಡೆ ಶುಲ್ಕ ಕೊಡಬೇಕು, ಎಂಜಿನ್ ಬಾಯಿಗೆ ಹೊದಿಕೆ ಹಾಕಿ, ಚಕ್ರಗಳನ್ನು ಆಗಾಗ ಉರುಳಿಸಿ, ಹಕ್ಕಿ ಗೂಡು ಕಟ್ಟದಂತೆ ಕಾಯಬೇಕು. ಪೈಲಟ್ ಕೂಡ ಹಾಗೆಯೇ. 90 ದಿನಗಳಲ್ಲಿ ಕನಿಷ್ಠ ಮೂರು ಬಾರಿ ಏರಿಸಿ ಇಳಿಸದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವ ಅರ್ಹತೆ ತಪ್ಪುತ್ತದೆ, ಮತ್ತೆ ಸಿಮ್ಯುಲೇಟರ್ ಹತ್ತಬೇಕು. ಮಾಸ್ಕ್ ಹೊತ್ತು ಹೋದ ಪೈಲಟ್ ತನ್ನ ಕೈಯನ್ನೂ ಸಾಣೆ ಹಿಡಿದುಕೊಂಡು ಬರುತ್ತಿದ್ದ. ಇದು ಯಾವ ಲಾಭದ ಪಟ್ಟಿಯಲ್ಲೂ ಕಾಣದ ಲಾಭ.

ಮೊದಲು ಎದ್ದವರಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಂದು. 2020ರ ಮಾರ್ಚ್ 20ರಂದು ಡಲ್ಲಾಸ್‌ನಿಂದ ಫ್ರಾಂಕ್‌ಫರ್ಟ್‌ಗೆ ಅದರ 777 ಒಂದು ಹೊರಟಿತು. ಹೊಟ್ಟೆಯಲ್ಲಿ ವೈದ್ಯಕೀಯ ಸಾಮಗ್ರಿ, ಸೈನಿಕರ ಅಂಚೆ, ಎಲೆಕ್ಟ್ರಾನಿಕ್ ವಸ್ತುಗಳು. ಮೇಲೆ ಒಬ್ಬ ಪ್ರಯಾಣಿಕನೂ ಇಲ್ಲ. 1984ರಲ್ಲಿ ತನ್ನ ಕೊನೆಯ ಸರಕು ಜಂಬೊಗಳನ್ನು (ಬೋಯಿಂಗ್ 747) ಕೈಬಿಟ್ಟ ಮೇಲೆ ಬರೀ ಸರಕಿಗಾಗಿ ಆ ಸಂಸ್ಥೆ ವಿಮಾನ ಹಾರಿಸಿದ್ದು ಅದೇ ಮೊದಲು. ಏಪ್ರಿಲ್ 7ರಂದು ದೆಹಲಿಯಿಂದ ಚೆನ್ನೈಗೆ ಸ್ಪೈಸ್‌ಜೆಟ್‌ನ 737 ಆಸನಗಳ ಮೇಲೂ ಸರಕಿಟ್ಟುಕೊಂಡು 11 ಟನ್ ಹೊತ್ತು ಹೋಯಿತು. ಲುಫ್ತಾನ್ಸಾ, ಎಮಿರೇಟ್ಸ್, ಏರ್ ಕೆನಡಾ ಆಸನಗಳನ್ನೇ ಕಿತ್ತು ಹಾಕಿದವು. ಪ್ಯಾಸೆಂಜರ್, ಫ್ರೇಟರ್ (ಸರಕು ವಿಮಾನ) ಎರಡನ್ನೂ ಬೆಸೆದು ‘ಪ್ರೇಟರ್’ ಎಂಬ ಹೊಸ ಪದ ಟಂಕಿಸಿದ್ದು ಲುಫ್ತಾನ್ಸಾದ ಮುಖ್ಯಸ್ಥ ಕಾರ್ಸ್ಟನ್ ಸ್ಪೋರ್. ನೆದರ್ಲೆಂಡ್ಸ್‌ನ ಕೆಎಲ್‌ಎಂ ಸಂಸ್ಥೆಯದು ಇನ್ನೂ ಸ್ವಾರಸ್ಯದ ಸಂಗತಿ. ಮಾರ್ಚ್ 29ರಂದು ತನ್ನ ಕೊನೆಯ ಜಂಬೊಗೆ ವಿದಾಯ ಹೇಳಿ, ಕೆಲವೇ ವಾರಗಳಲ್ಲಿ ಎರಡು ಜಂಬೊಗಳನ್ನು ನಿವೃತ್ತಿಯಿಂದ ಎಬ್ಬಿಸಿ ಚೀನಾಕ್ಕೆ ಅಟ್ಟಿತು. ಅವು ‘ಕಾಂಬಿ’ ಮಾದರಿಯವು. ಮುಂದೆ ಪ್ರಯಾಣಿಕರು, ಹಿಂದೆ ಅದೇ ಅಂತಸ್ತಿನಲ್ಲಿ ಸರಕು, ಪಕ್ಕದಲ್ಲಿ ದೊಡ್ಡ ಸರಕು ಬಾಗಿಲು. ಹಳೆಯ ಕಾಲದ್ದೆಂದು ಮೂಲೆಗೆ ತಳ್ಳಿದ ವಿನ್ಯಾಸವೇ ಆ ಗಳಿಗೆಗೆ ಹೇಳಿ ಮಾಡಿಸಿದಂತಿತ್ತು.

ಮಾಸ್ಕ್ ಬದಲು ಆ ದಿನಗಳಲ್ಲಿ ಜಗತ್ತಿಗೆ ಯಂತ್ರದ ಬಿಡಿಭಾಗ ಬೇಕಾಗಿದ್ದರೆ ಈ ಉಪಾಯ ಫಲಿಸುತ್ತಿತ್ತೇ? ಅನುಮಾನ. ವಿಮಾನ ಸರಕಿನಲ್ಲಿ ಎರಡು ತಕ್ಕಡಿಗಳಿವೆ: ಒಂದು ತೂಕದ್ದು, ಇನ್ನೊಂದು ಗಾತ್ರದ್ದು. 6,000 ಘನ ಸೆಂಟಿಮೀಟರ್ ಜಾಗವನ್ನು ಒಂದು ಕಿಲೊ ಎಂದು ಹಿಡಿಯುವುದು ಈ ಕಸುಬಿನ ರೂಢಿ. ಅಂದರೆ ಒಂದು ಘನ ಮೀಟರ್‌ಗೆ 167 ಕಿಲೊ. ನಿಮ್ಮ ಪೆಟ್ಟಿಗೆ ಅದಕ್ಕಿಂತ ಭಾರವಾಗಿದ್ದರೆ ತೂಕಕ್ಕೆ ಬಾಡಿಗೆ, ಹಗುರವಾಗಿದ್ದರೆ ಗಾತ್ರಕ್ಕೆ ಬಾಡಿಗೆ. ಮಾಸ್ಕ್ ಮತ್ತು ನಿಲುವಂಗಿಯ ಪೆಟ್ಟಿಗೆಗಳು ಬಲು ಹಗುರ. ಅವನ್ನು ತುಂಬಿದಾಗ ಹೊಟ್ಟೆ ತುಂಬುತ್ತದೆ, ಆದರೆ ವಿಮಾನಕ್ಕೆ ಭಾರವೇ ಆಗುವುದಿಲ್ಲ. ಹೊರುವ ಶಕ್ತಿ ಉಳಿದಿದೆ, ಇಡುವ ಜಾಗ ಮುಗಿದಿದೆ. ಆಗಲೇ ಕಣ್ಣು ಮೇಲಿನ ಅಂತಸ್ತಿನ ಮೇಲೆ ಬೀಳುವುದು. ಅಲ್ಲಿನ ಒಂದೊಂದು ಆಸನದ ವಿನ್ಯಾಸವೂ 77 ಕಿಲೊ ತೂಕದ ಮನುಷ್ಯನನ್ನು ಲೆಕ್ಕಕ್ಕಿಟ್ಟುಕೊಂಡು ಮಾಡಿದ್ದು. ಮೋಟಾರ್ ಎಂಜಿನ್ ಇಡುವಂತಿಲ್ಲ, ಮಾಸ್ಕ್ ಪೆಟ್ಟಿಗೆ ಇಡಬಹುದು. ಆ ಸಾಂಕ್ರಾಮಿಕ ಕೇಳಿದ ವಸ್ತುವೂ ಖಾಲಿ ಬಿದ್ದ ಆಸನವೂ ಒಂದಕ್ಕೊಂದು ಅಳತೆ ತೆಗೆದಂತೆ ಹೊಂದಿದ್ದು ಕಾಕತಾಳೀಯ. ಇದನ್ನು ದೂರದೃಷ್ಟಿ ಎಂದು ಕರೆದವರೂ ಇದ್ದಾರೆ.

ಆಸನ ಕಿತ್ತರೆ ಇನ್ನೂ ಅನುಕೂಲ. ಏರ್ ಕೆನಡಾ ತನ್ನ 777ಗಳಿಂದ ತಲಾ 422 ಆಸನಗಳನ್ನು ತೆಗೆದು, ನೆಲಕ್ಕೆ ಬಲೆ ಬಿಗಿದು, ಮೇಲೂ ಕೆಳಗೂ ಸೇರಿ ಸುಮಾರು 89 ಟನ್ ಹೊರುವಂತೆ ಮಾಡಿತು. ಮೊದಲ ವಿಮಾನದ ಕೆಲಸ ಆರೇ ದಿನಗಳಲ್ಲಿ ಮುಗಿಯಿತು. ಕಾಗದದ ಮೇಲೆ ಇದು ನಿಜವಾದ ಸರಕು ವಿಮಾನಕ್ಕೆ ಹತ್ತಿರವೇ; 777 ಸರಕು ಮಾದರಿ ಹೊರುವುದು ನೂರು ಟನ್ ಚಿಲ್ಲರೆ. ಆದರೆ ವ್ಯತ್ಯಾಸ ಬಾಗಿಲಲ್ಲಿದೆ. ಸರಕು ಮಾದರಿಗೆ ಮೂರೂಮುಕ್ಕಾಲು ಮೀಟರ್ ಅಗಲದ ಬಾಗಿಲು, ನೆಲದ ತುಂಬ ಉರುಳೆಗಳು. ಹಲಗೆಯಂಥ ಪ್ಯಾಲೆಟ್ ಮೇಲೆ ಕಟ್ಟಿದ ಟನ್‌ಗಟ್ಟಲೆ ಸರಕನ್ನು ಯಂತ್ರ ಎತ್ತಿ ಕೊಡುತ್ತದೆ, ಒಳಗೆ ತಳ್ಳಿದರೆ ಮುಗಿಯಿತು. ಪ್ರಯಾಣಿಕ ವಿಮಾನದ ಬಾಗಿಲು ಮೀಟರ್‌ಗಿಂತ ಸ್ವಲ್ಪ ಹೆಚ್ಚು ಅಗಲ. ಪ್ರತಿ ಪೆಟ್ಟಿಗೆಯೂ ಒಂದು ಮನುಷ್ಯನ ಎದೆಗೆ ಒರಗಿಕೊಂಡೇ ಒಳಹೋಗಬೇಕು, ಇಳಿಯುವಾಗಲೂ ಅಷ್ಟೇ. ವಿಮಾನ ದುಡಿಯುವುದು ಹಾರುವಾಗ. ನೆಲದ ಮೇಲೆ ಕಳೆದ ಪ್ರತಿ ಗಂಟೆಯೂ ಕಿಲೊವೊಂದರ ಖರ್ಚಿಗೆ ಸೇರುತ್ತಿತ್ತು. ಬಾಡಿಗೆ ಆಕಾಶದಲ್ಲಿದ್ದಷ್ಟು ದಿನ ಯಾರೂ ಇದನ್ನು ಎಣಿಸಲಿಲ್ಲ.

ಸುರಕ್ಷತೆಯವರು ಮಾತ್ರ ಮೊದಲ ದಿನದಿಂದಲೂ ಎಣಿಸುತ್ತಿದ್ದರು. ಅವರ ತಲೆಯಲ್ಲಿದ್ದದ್ದು ಬೆಂಕಿ. ಹೊಟ್ಟೆಯ ಸರಕು ಕೋಣೆಯಲ್ಲಿ ಹೊಗೆ ಪತ್ತೆಮಾಡುವ ಸಾಧನವಿದೆ, ಬೆಂಕಿ ನಂದಿಸಲು ಹ್ಯಾಲಾನ್ ಅನಿಲದ ಸಿಲಿಂಡರ್‌ಗಳಿವೆ. ಪೈಲಟ್ ಗುಂಡಿ ಒತ್ತಿ ನಿಲ್ದಾಣ ಹುಡುಕುತ್ತ ಹೋಗಬಹುದು. ಮೇಲಿನ ಕ್ಯಾಬಿನ್‌ನಲ್ಲಿ, ಶೌಚಾಲಯ ಬಿಟ್ಟರೆ, ಹೊಗೆ ಪತ್ತೆಯ ಸಾಧನವೆಂದರೆ ಪ್ರಯಾಣಿಕರ ಮೂಗು. ಪ್ರಯಾಣಿಕರೇ ಇಲ್ಲದ ಕ್ಯಾಬಿನ್‌ನಲ್ಲಿ, ಕಿಟಕಿ ಮಟ್ಟದವರೆಗೆ ರಟ್ಟು ತುಂಬಿರುವಲ್ಲಿ, ಮೂವತ್ತನೇ ಸಾಲಿನ ನಡುವೆ ಕಿಡಿಯೊಂದು ಹೊತ್ತಿಕೊಂಡರೆ? ಹೀಗಾಗಿಯೇ ನಿಯಂತ್ರಕರು ಅನುಮತಿ ಕೊಡುವಾಗ ಬೆಂಕಿ ಆರಿಸಲು ತರಬೇತಾದ ಸಿಬ್ಬಂದಿ ಒಳಗೆ ಇರಬೇಕು, ಅವರು ಓಡಾಡಲು ಓಣಿ ಬಿಡಬೇಕು, ಅಪಾಯಕಾರಿ ವಸ್ತುಗಳನ್ನು ಮೇಲೆ ಇಡಬಾರದು ಎಂದೆಲ್ಲ ಷರತ್ತು ಹಾಕಿದರು. ಊಟ ಬಡಿಸುತ್ತಿದ್ದ ಗಗನಸಖಿಯರು ಆ ತಿಂಗಳುಗಳಲ್ಲಿ ಪೆಟ್ಟಿಗೆಗಳ ನಡುವೆ ಅಗ್ನಿಶಾಮಕ ಹಿಡಿದು ಪಹರೆ ತಿರುಗಿದರು.

ಈ ಭಯಕ್ಕೆ ಹಿನ್ನೆಲೆ ಇದೆ. 1987ರ ನವೆಂಬರ್ 28ರಂದು ತೈಪೆಯಿಂದ ಮಾರಿಷಸ್ ದಾರಿಯಾಗಿ ಜೊಹಾನ್ಸ್‌ಬರ್ಗ್‌ಗೆ ಹೊರಟಿದ್ದ ಸೌತ್ ಆಫ್ರಿಕನ್ ಏರ್‌ವೇಸ್‌ನ ‘ಹೆಲ್ಡರ್‌ಬರ್ಗ್’ ಎಂಬ ಜಂಬೊ ಹಿಂದೂ ಮಹಾಸಾಗರಕ್ಕೆ ಬಿದ್ದು 159 ಜನ ಸತ್ತರು. ಅದೂ ಕಾಂಬಿ ವಿಮಾನ. ಪ್ರಯಾಣಿಕರ ಹಿಂದೆ, ಅದೇ ಅಂತಸ್ತಿನಲ್ಲಿದ್ದ ಸರಕಿನಲ್ಲಿ ಬೆಂಕಿ ಎದ್ದಿತ್ತು. ಹೊತ್ತಿಸಿದ್ದು ಯಾವುದು ಎಂದು ತನಿಖೆಯಲ್ಲಿ ಖಚಿತವಾಗಲಿಲ್ಲ. ಖಚಿತವಾದದ್ದು ಇಷ್ಟು: ಸಿಬ್ಬಂದಿ ಕೈಯಲ್ಲಿ ಸಿಲಿಂಡರ್ ಹಿಡಿದು ಹೋಗಿ ಸರಕಿನ ಬೆಂಕಿ ಆರಿಸುತ್ತಾರೆ ಎಂಬ ನಂಬಿಕೆ ಕೆಲಸಕ್ಕೆ ಬರುವಂಥದ್ದಲ್ಲ. ಆ ದುರಂತದ ನಂತರ ಕಾಂಬಿಗಳ ನಿಯಮಗಳು ಬಿಗಿಯಾದವು, ಆ ವಿನ್ಯಾಸ ದುಬಾರಿಯಾಗುತ್ತ ಮರೆಯಾಗತೊಡಗಿತು. 2020ರಲ್ಲಿ ಜಗತ್ತು ಅದೇ ನಂಬಿಕೆಯನ್ನು ಮತ್ತೆ ಕೈಗೆತ್ತಿಕೊಂಡಿತು. ತುರ್ತಿನಲ್ಲಿ ಅದು ತಪ್ಪೆಂದು ನಾನು ಹೇಳುವುದಿಲ್ಲ. ಆಸ್ಪತ್ರೆಗೆ ನಿಲುವಂಗಿ ತಲುಪದಿದ್ದರೂ ಸಾವೇ. ಆದರೆ ತುರ್ತಿನ ರಿಯಾಯಿತಿಗೆ ಕೊನೆಯ ದಿನಾಂಕ ಇರಬೇಕು. ಯುರೋಪಿನ ಸುರಕ್ಷತಾ ಸಂಸ್ಥೆ ಇಎಎಸ್‌ಎ 2022ರ ಜುಲೈ 31ನ್ನು ಕೊನೆಯ ದಿನವೆಂದು ಗೊತ್ತುಮಾಡಿ, ಅದರಾಚೆಗೆ ವಿಸ್ತರಿಸುವುದಿಲ್ಲ ಎಂದಾಗ ಕೆಲವು ಸಂಸ್ಥೆಗಳಿಗೆ ಮುನಿಸಾಯಿತು. ಆ ದಿನಾಂಕ ಸರಿಯಾಗಿಯೇ ಇತ್ತು.

ಪ್ರಯಾಣಿಕ ವಿಮಾನ ಸರಕು ಹೊರುವುದು ದರ್ಜೆ ಇಳಿದಂತೆ ಎಂಬ ಧಾಟಿಯೂ ಆಗ ಕೆಲವು ವರದಿಗಳಲ್ಲಿತ್ತು. ಚರಿತ್ರೆ ತದ್ವಿರುದ್ಧ. 1911ರ ಫೆಬ್ರುವರಿ 18ರಂದು ಅಲಹಾಬಾದ್‌ನಿಂದ ನೈನಿಗೆ ಆರು ಸಾವಿರಕ್ಕೂ ಹೆಚ್ಚು ಪತ್ರ ಹೊತ್ತು ಹಾರಿದ ಫ್ರೆಂಚ್ ಪೈಲಟ್ ಹೆನ್ರಿ ಪೆಕೆಯ ವಿಮಾನದಲ್ಲಿ ಪ್ರಯಾಣಿಕ ಇರಲಿಲ್ಲ. ಅಮೆರಿಕದಲ್ಲಿ 1925ರ ಕೆಲ್ಲಿ ಕಾಯ್ದೆ ಅಂಚೆ ಸಾಗಣೆಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಆ ಅಂಚೆ ದುಡ್ಡಿನ ಮೇಲೆಯೇ ಅಲ್ಲಿನ ದೊಡ್ಡ ವಿಮಾನಯಾನ ಸಂಸ್ಥೆಗಳು ಕಣ್ಣುಬಿಟ್ಟವು. ಮೊದಮೊದಲ ಪ್ರಯಾಣಿಕರು ಅಂಚೆ ಚೀಲಗಳ ಪಕ್ಕ ಜಾಗವಿದ್ದರೆ ಕೂರುತ್ತಿದ್ದರು. ಆಗ ಪ್ರಯಾಣಿಕನೇ ಮೇಲಾದಾಯ.

ಸರಿ, ಕೊನೆಗೆ ಎಷ್ಟು ಉಳಿಯಿತು? ಐಯಾಟಾದ ಅಂಕಿಗಳನ್ನು ದುಂಡಾಗಿ ಹೇಳುವುದಾದರೆ, 2019ರಲ್ಲಿ ಜಗತ್ತಿನ ವಿಮಾನಯಾನ ಸಂಸ್ಥೆಗಳಿಗೆ ಪ್ರಯಾಣಿಕರಿಂದ ಬಂದದ್ದು 60,000 ಕೋಟಿ ಡಾಲರ್. 2020ರಲ್ಲಿ 19,000 ಕೋಟಿ. ಸರಕಿನಿಂದ 2019ರಲ್ಲಿ 10,000 ಕೋಟಿ, 2020ರಲ್ಲಿ 14,000 ಕೋಟಿ. ಕಳೆದುಕೊಂಡದ್ದು 41,000 ಕೋಟಿ, ಗಳಿಸಿಕೊಂಡದ್ದು 4,000 ಕೋಟಿ. ಹತ್ತಡಿ ಆಳದ ಗುಂಡಿಗೆ ಒಂದಡಿ ಮಣ್ಣು. ಒಟ್ಟು ವರಮಾನದಲ್ಲಿ ಸರಕಿನ ಪಾಲು ಶೇ 12ರಿಂದ ಮೂರನೇ ಒಂದು ಭಾಗದಾಚೆಗೆ ಜಿಗಿಯಿತು ಎಂದು ಸಂಭ್ರಮಿಸಿದವರು ಆ ಜಿಗಿತದ ಹೆಚ್ಚಿನ ಭಾಗ ಪ್ರಯಾಣಿಕರ ಪಾಲು ಕುಸಿದದ್ದರಿಂದ ಆದದ್ದು ಎಂಬುದನ್ನು ಹೇಳಲಿಲ್ಲ. ಆ ವರ್ಷದ ಒಟ್ಟು ನಷ್ಟ 13,000 ಕೋಟಿ ಡಾಲರ್ ಮೀರಿತ್ತು. ಉದ್ಯಮ ಉಸಿರು ಹಿಡಿದದ್ದು ಮುಖ್ಯವಾಗಿ ಸರ್ಕಾರಗಳ ನೆರವಿನಿಂದ, ಸಾಲದಿಂದ, ಸಿಬ್ಬಂದಿಯನ್ನು ಮನೆಗೆ ಕಳಿಸಿದ್ದರಿಂದ.

ಸರಾಸರಿಯ ಒಳಗೆ ಅಪವಾದಗಳಿದ್ದವು. ಕೊರಿಯನ್ ಏರ್ 2020ರ ಎರಡನೇ ತ್ರೈಮಾಸಿಕದಲ್ಲಿ, ಜಗತ್ತಿನ ಬಹುತೇಕ ದೊಡ್ಡ ಸಂಸ್ಥೆಗಳು ರಕ್ತ ಕಾರುತ್ತಿದ್ದಾಗ, ಕಾರ್ಯಾಚರಣೆಯಲ್ಲಿ ಲಾಭ ತೋರಿಸಿತು. ಗಾಳಿ ಬಂದಾಗ ತೂರಿಕೊಳ್ಳಲು ಕೈಯಲ್ಲಿ ಮೊರ ಇರಬೇಕಲ್ಲ. ಅದರ ಬಳಿ 23 ಸರಕು ವಿಮಾನಗಳಿದ್ದವು, ಸರಕಿನ ಗಿರಾಕಿಗಳ ಜೊತೆ ದಶಕಗಳ ನಂಟಿತ್ತು. ಅವುಗಳ ಜೊತೆಗೆ ಪ್ರಯಾಣಿಕ ವಿಮಾನಗಳನ್ನೂ ಸೇರಿಸಿಕೊಂಡಿತು. ತೈವಾನಿನ ಚೈನಾ ಏರ್‌ಲೈನ್ಸ್ ಕತೆಯೂ ಇದೇ. ಸರಕು ವಿಭಾಗವನ್ನು ಹಳೆಯ ಮೇಜಿನಂತೆ ಮೂಲೆಗೆ ತಳ್ಳಿದ್ದವರು ಅವಸರದಲ್ಲಿ ಬಲೆ ಬಿಗಿದು ಹಾರಿದರೂ ಅದೇ ಫಲ ಸಿಗಲಿಲ್ಲ. ಆದರೆ ಸರಕು ವಿಮಾನಗಳಿದ್ದ ಮಾತ್ರಕ್ಕೆ ಗೆದ್ದರು ಎನ್ನಲೂ ಆಗದು. ಹಾಂಗ್‌ಕಾಂಗ್‌ನ ಕ್ಯಾಥೆ ಪೆಸಿಫಿಕ್ ವಿಮಾನ ಸರಕಿನಲ್ಲಿ ಯಾರಿಗೂ ಕಡಿಮೆಯಿಲ್ಲದ ಹೆಸರು. ಸರಕಿನ ವರಮಾನ ಏರಿದರೂ 2020ರಲ್ಲಿ ಅದರ ನಷ್ಟ 2,160 ಕೋಟಿ ಹಾಂಗ್‌ಕಾಂಗ್ ಡಾಲರ್. ದೇಶದೊಳಗಿನ ಮಾರ್ಗ ಎಂಬುದೇ ಇಲ್ಲದ ಊರು ಅದು. ಪ್ರಯಾಣಿಕರು ನಿಂತರೆ ಪೂರ್ತಿ ನಿಂತಂತೆ. ಮುಂದಿನ ವರ್ಷ ಅಲ್ಲಿನ ಕ್ವಾರಂಟೈನ್ ನಿಯಮಗಳು ಎಷ್ಟು ಕಟುವಾದವೆಂದರೆ ಸರಕು ವಿಮಾನದ ಪೈಲಟ್‌ಗಳೇ ವಾರಗಟ್ಟಲೆ ಮನೆಗೆ ಹೋಗದೆ ಹೋಟೆಲ್‌ಗೂ ವಿಮಾನಕ್ಕೂ ನಡುವೆ ತಿರುಗಿದರು. ಹೊರಲು ಸರಕಿತ್ತು, ಹಾರಿಸಲು ಜನ ಸಾಲಲಿಲ್ಲ.

2021 ಅನಿರೀಕ್ಷಿತವಾಗಿ ಇನ್ನೂ ಸಮೃದ್ಧ ವರ್ಷವಾಯಿತು. ಅದರ ಕೀರ್ತಿ ಸಮುದ್ರಕ್ಕೆ ಸೇರಬೇಕು. ಮಾರ್ಚ್‌ನಲ್ಲಿ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡಿತು. ವರ್ಷದ ಕೊನೆಯ ಹೊತ್ತಿಗೆ ಲಾಸ್ ಏಂಜಲೀಸ್ ಬಂದರಿನ ಹೊರಗೆ ಹತ್ತಾರು ಕಂಟೇನರ್ ಹಡಗುಗಳು ಸರದಿ ಕಾಯುತ್ತಿದ್ದವು. ಹಡಗಿನ ಬಾಡಿಗೆ ಹಲವು ಪಟ್ಟು ಏರಿದಾಗ ವಿಮಾನದ ಬಾಡಿಗೆ ಅಷ್ಟೇನೂ ದುಬಾರಿ ಅನಿಸಲಿಲ್ಲ. ಮನೆಯಲ್ಲೇ ಕೂತ ಜನ ಪ್ರವಾಸಕ್ಕೆ ಇಟ್ಟ ದುಡ್ಡಿನಲ್ಲಿ ಸಾಮಾನು ತರಿಸಿಕೊಂಡರು. ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಿಂದ ಉತ್ತರ ಅಮೆರಿಕಕ್ಕೆ ಕಿಲೊಗೆ 12 ಡಾಲರ್ ದಾಟಿತು. ಇಡೀ ವರ್ಷದ ಸರಕು ವರಮಾನ 20,000 ಕೋಟಿ ಡಾಲರ್ ಮೀರಿತು. ಆ ಅಮಲಿನಲ್ಲಿ ಹಲವು ತೀರ್ಮಾನಗಳಾದವು. ಏರ್ ಕೆನಡಾ ಹಳೆಯ 767ಗಳನ್ನು ಸರಕು ವಿಮಾನವಾಗಿ ಮಾರ್ಪಡಿಸಿ ಹಾರಿಸತೊಡಗಿತು. ಹಡಗಿನ ಕಂಪನಿ ಸಿಎಂಎ ಸಿಜಿಎಂ ತನ್ನದೇ ವಿಮಾನ ಸರಕು ಸಂಸ್ಥೆ ಕಟ್ಟಿ, 2022ರಲ್ಲಿ ಏರ್ ಫ್ರಾನ್ಸ್-ಕೆಎಲ್‌ಎಂ ಜೊತೆ ದೀರ್ಘಾವಧಿಯ ಒಪ್ಪಂದ ಮಾಡಿಕೊಂಡಿತು. 2024ರ ಮಾರ್ಚ್ ಹೊತ್ತಿಗೆ ಆ ಒಪ್ಪಂದ ಮುರಿದುಬಿದ್ದಿತ್ತು. ಪ್ರಯಾಣಿಕರು ಮರಳಿದ್ದರು, ಅವರ ಕಾಲಡಿಯ ಹೊಟ್ಟೆಯೂ ಮರಳಿತ್ತು, ಬಾಡಿಗೆ ಇಳಿದಿತ್ತು.

ಮುಂದಿನ ಬಾರಿ ಜನ ಪ್ರಯಾಣ ನಿಲ್ಲಿಸಿದರೆ ಸರಕು ಕೈಹಿಡಿಯುತ್ತದೆ ಎಂದು ನಂಬಿರುವ ಆಡಳಿತ ಮಂಡಳಿಗಳಿಗೆ 2009ರ ಅಂಕಿ ತೋರಿಸಬೇಕು. ಅದು ಹಣಕಾಸು ಬಿಕ್ಕಟ್ಟಿನ ವರ್ಷ. ಪ್ರಯಾಣ ಶೇ 3.5 ಕುಗ್ಗಿತು, ಸರಕು ಶೇ 10. ಮಾಮೂಲು ಹಿಂಜರಿತದಲ್ಲಿ ಸರಕು ಪ್ರಯಾಣಿಕರಿಗಿಂತ ಮೊದಲು ಬೀಳುತ್ತದೆ, ಹೆಚ್ಚು ಬೀಳುತ್ತದೆ. ಅಂಗಡಿಯವನು ಮಾಲು ತರಿಸುವುದನ್ನು ನಿಲ್ಲಿಸಿದ ಎಷ್ಟೋ ದಿನಗಳ ನಂತರ ಅವನ ಗಿರಾಕಿ ಪ್ರವಾಸ ನಿಲ್ಲಿಸುತ್ತಾನೆ. ತೈಲ ದುಬಾರಿಯಾಗಿ ಟಿಕೆಟ್ ಏರಿ ಜನ ಹಿಂದೆ ಸರಿದರೆ, ಮೇಲಿನ ನಮ್ಮ ಲೆಕ್ಕ ಮೊದಲ ಸಾಲಿನಲ್ಲೇ ಮುರಿಯುತ್ತದೆ. 2020ರಲ್ಲಿ ನಾಲ್ಕು ಸಂಗತಿಗಳು ಒಟ್ಟಿಗೆ ಬಂದಿದ್ದವು: ಜನರಿಗೆ ಗಡಿ ಮುಚ್ಚಿ ಸರಕಿಗೆ ತೆರೆದಿತ್ತು, ಇಂಧನ ಅಗ್ಗವಿತ್ತು, ಬೇಕಾದ ವಸ್ತು ಹಗುರವಾಗಿತ್ತು, ಕೊಳ್ಳುವವರು ಬೆಲೆ ಕೇಳುತ್ತಿರಲಿಲ್ಲ. ಇವುಗಳಲ್ಲಿ ಒಂದು ತಪ್ಪಿದ್ದರೂ ಆಸನಗಳ ಮೇಲೆ ಬಲೆ ಬೀಳುತ್ತಿರಲಿಲ್ಲ. ಸರಕಿಗೆ ಇನ್ನೊಂದು ಚಾಳಿಯೂ ಇದೆ: ಅದು ವಾಪಸು ಟಿಕೆಟ್ ಕೊಳ್ಳುವುದಿಲ್ಲ. ಹೋದ ಮನುಷ್ಯ ಬಹುತೇಕ ಮರಳಿ ಬರುತ್ತಾನೆ, ಹೋದ ಮಾಸ್ಕ್ ಬರುವುದಿಲ್ಲ. ಒಂದು ದಿಕ್ಕಿನ ಬಾಡಿಗೆಯಲ್ಲಿ ಎರಡು ದಿಕ್ಕಿನ ಖರ್ಚು ಎತ್ತಬಲ್ಲ ದರ ಇದ್ದರೆ ಮಾತ್ರ ಈ ವ್ಯಾಪಾರ.

ಹಾಗೆಂದು ಏನೂ ಉಳಿಯಲಿಲ್ಲ ಎನ್ನಲಾರೆ. 2020ರ ನವೆಂಬರ್ ಕೊನೆಯಲ್ಲಿ ಬ್ರಸೆಲ್ಸ್‌ನಿಂದ ಶಿಕಾಗೊಗೆ ಫೈಜರ್ ಲಸಿಕೆ ತಂದದ್ದು ಯುನೈಟೆಡ್ ಸಂಸ್ಥೆಯ ವಿಮಾನಗಳು. ಲಸಿಕೆಯ ಜೊತೆ ಒಣ ಮಂಜುಗಡ್ಡೆ ಇಡಬೇಕು. ಅದು ಆವಿಯಾಗಿ ಹೊರಡುವ ಇಂಗಾಲದ ಡೈ ಆಕ್ಸೈಡ್ ಒಳಗಿನವರ ಉಸಿರಿಗೆ ಕುತ್ತು. ಮಾಮೂಲು ಮಿತಿಯ ಐದು ಪಟ್ಟು, 15,000 ಪೌಂಡ್ ಒಯ್ಯಲು ವಿಶೇಷ ಅನುಮತಿ ಸಿಕ್ಕಿತ್ತು. ಆ ಹೊತ್ತಿಗೆ ಎಂಟು ತಿಂಗಳು ಸರಕನ್ನೇ ಹೊತ್ತು ಪಳಗಿದ್ದ ತಂಡ ಅದು. ಈಗಲೂ ಹೊಸ ಮಾರ್ಗ ತೆರೆಯುವಾಗ, ಯಾವ ವಿಮಾನ ಹಾಕಬೇಕು ಎಂದು ತೀರ್ಮಾನಿಸುವಾಗ ಸರಕು ವಿಭಾಗದವರನ್ನೂ ಕೇಳುವ ಪದ್ಧತಿ ಕೆಲವೆಡೆ ಬಂದಿದೆ.

ಕೇಳುತ್ತಾರೆ, ಆದರೆ ಸಾಲಿನಲ್ಲಿ ಅವರ ಸ್ಥಾನ ಹಳೆಯದೇ. ಬೇಸಿಗೆಯ ಮಧ್ಯಾಹ್ನ ಕಾದ ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಸಾಲದೆ, ವಿಮಾನದ ತೂಕದಲ್ಲಿ ಎರಡು ಟನ್ ಇಳಿಸಬೇಕೆಂದು ಹೊರಡುವ ಅರ್ಧ ಗಂಟೆ ಮುಂಚೆ ಸೂಚನೆ ಬರುತ್ತದೆ. ಪ್ರಯಾಣಿಕರನ್ನು ಇಳಿಸುವ ಮಾತು ಯಾರೂ ಆಡುವುದಿಲ್ಲ, ಸೂಟ್‌ಕೇಸ್‌ಗಳನ್ನೂ ಆದಷ್ಟು ಮುಟ್ಟುವುದಿಲ್ಲ. ಹೊಟ್ಟೆಯ ಬಾಗಿಲು ಮತ್ತೆ ತೆರೆಯುತ್ತದೆ. ಪ್ಯಾಲೆಟ್ ಒಂದು ಉರುಳೆಗಳ ಮೇಲೆ ಹಿಂದಕ್ಕೆ ಸರಿದು ಹೊರಬಂದು, ಟ್ರಾಲಿಯೇರಿ ಗೋದಾಮಿನ ಕಡೆ ತಿರುಗುತ್ತದೆ. ನಾಳೆಯ ವಿಮಾನದಲ್ಲಿ ಜಾಗವಿದ್ದರೆ ಹೋಗುತ್ತದೆ.